ನೆಟ್ಟಗೆ ನಿಂತವಳ ಉಡುಪು

ಹಳೆಯ ಬಟ್ಟೆಗಳನ್ನು ಉಳಿಸುವುದು ನನ್ನ ಉದ್ಯೋಗವಾಗಿತ್ತು. ನೆಂಟರು ವಿಚಾರಿಸಿದಾಗ ನಮ್ಮ ಯಜಮಾನರು, "ಇವಳು ಆಫೀಸಿಗೆ ಹೋಗಿ ಊರವರ ಹರಿದ ಬಟ್ಟೆ ಹೊಲೀತಾಳೆ, ನನ್ನ ಷರ್ಟಿನ ಗುಂಡಿ ಹೊಲಿಯೋಕೆ ಮಾತ್ರ ಪುರುಸೊತ್ತಿಲ್ಲ" ಎನ್ನುತ್ತಿದ್ದರು. ಎರಡೂ ಮಾತು ನಿಜ. ಎಗ್ಮೋರ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹಳೆಯ ಬಂಗಲೆಯ ಮಹಡಿಯಲ್ಲಿ ನಮ್ಮ ಪ್ರಯೋಗಾಲಯವಿತ್ತು. ಖಾಸಗಿ ಟ್ರಸ್ಟಿನದು. ಮಠಗಳ ತೆರೆಗಳು, ಜಮೀನ್ದಾರರ ಮನೆಯ ಜರಿ ಸೀರೆಗಳು, ಇಲಿ ತಿಂದ ರತ್ನಗಂಬಳಿಗಳು ಅಲ್ಲಿಗೆ ಬರುತ್ತಿದ್ದವು. ನಾನು ಅವುಗಳ ಮುಂದೆ ಇಪ್ಪತ್ತೇಳು ವರ್ಷ ಬೆನ್ನು ಬಗ್ಗಿಸಿ ಕೂತೆ. ಈಗ ಆ ಮೇಜಿಗೆ ಬಂದಿರುವ ಹುಡುಗಿಯರು ಅನುಭವ ಬರೆದುಕೊಡಿ ಮೇಡಂ ಎಂದು ದುಂಬಾಲು ಬಿದ್ದಿದ್ದಾರೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ನಾನು ಕೆಡಿಸಿದ್ದನ್ನು ಬರೆದರೆ ನಾಲ್ಕು ಬಟ್ಟೆಗಳಾದರೂ ಉಳಿದಾವು.

ನಮ್ಮ ಮೇಲಧಿಕಾರಿ ಶೇಷಗಿರಿ ರಾವ್. ಎಲ್ಲರೂ ಚೀಫ್ ಎಂದೇ ಕರೆಯುತ್ತಿದ್ದೆವು. ಅವರ ಮನೆತನ ಮದರಾಸಿಗೆ ಬಂದು ನೆಲೆಸಿ ಎಷ್ಟೋ ತಲೆಮಾರಾಗಿತ್ತು. ಮನೆಯಲ್ಲಿ ಕನ್ನಡವೇ ಆದರೂ ಅದರಲ್ಲಿ ಅರ್ಧ ತಮಿಳು. ಮದುವೆಯಾಗಿ ಮೈಸೂರಿನಿಂದ ಬಂದ ನನಗೆ ಮೊದಲ ಆರು ತಿಂಗಳು ಅವರು ಬೈಯುತ್ತಿದ್ದಾರೋ ಹೊಗಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಅವರ ಪಾಠವೆಲ್ಲ ಒಂದೇ. "ಬಿಚ್ಚೋ ಮುಂಚೆ ಚಿತ್ರ ಬರಿಮ್ಮಾ. ಬರ್ದ ಅಪ್ಪುರಂ ಬಿಚ್ಚು. ಬಿಚ್ಚಿದ್ದನ್ನ ಲಕೋಟೇಲಿ ಹಾಕಿ ನಂಬರ್ ಹಾಕು. ಒಂದು ದಾರದ ತುಂಡಾದ್ರೂ ಸರಿ ತಾನೆ, ಅದು ನಮ್ದಲ್ಲ."

ಮೊದಲ ವರ್ಷ ಒಂದು ಮಠದಿಂದ ಚಿತ್ರದ ತೆರೆಯೊಂದು ಬಂತು. ಬಣ್ಣ ನಿಲ್ಲುತ್ತದೆಯೇ ಎಂದು ನಾನು ಒಂದು ಮೂಲೆಯಲ್ಲಿ ಮಾತ್ರ ಪರೀಕ್ಷೆ ಮಾಡಿ ಇಡೀ ತೆರೆಯನ್ನು ನೀರಿಗಿಳಿಸಿದೆ. ಮೂಲೆಯ ಕೆಂಪು ಹಳೆಯದು, ಗಟ್ಟಿ. ನಡುವಿನ ಕೆಂಪನ್ನು ಯಾರೋ ಪುಣ್ಯಾತ್ಮರು ಆಮೇಲೆ ಬಳಿದಿದ್ದರು. ಅರ್ಧ ನಿಮಿಷದಲ್ಲಿ ಕೃಷ್ಣನ ಗಲ್ಲದ ಮೇಲೆಲ್ಲ ಕೆಂಪು ಇಳಿಯಿತು. ಚೀಫ್ ಬಂದು ನೋಡಿ, "ಏನ್ಮಾ, ದೇವ್ರಿಗೆ ತಾಂಬೂಲ ಕೊಟ್ಯಾ?" ಎಂದು ಕೇಳಿ ಅಂಗಿಯ ತೋಳು ಮಡಚಿಕೊಂಡು ನನ್ನ ಪಕ್ಕ ಕೂತರು. ಇಬ್ಬರೂ ಸೇರಿ ಒಂದು ವಾರ ಹೀರುಕಾಗದ ಒತ್ತಿ ಒತ್ತಿ ಆ ಬಣ್ಣ ತೆಗೆದೆವು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆಗಿನ ವಿಧಾನಗಳನ್ನು ಈಗ ಹೇಳಿದರೆ ಹುಡುಗಿಯರು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನುಸಿಗುಳಿಗೆಯನ್ನು ಹಿಡಿ ಹಿಡಿ ಹಾಕುತ್ತಿದ್ದೆವು. ಆಮೇಲೆ ಅದನ್ನು ಬಿಟ್ಟು ಬಜೆ ಪುಡಿಯ ಗಂಟುಗಳಿಗೆ ಬಂದೆವು. ಅದು ನಮ್ಮ ಅಜ್ಜಿಯ ಟ್ರಂಕಿನಲ್ಲಿ ಮೊದಲೇ ಇತ್ತು. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಧೂಳು ತೆಗೆಯುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆಯೇ. ನಾನು ಸೇರಿದಾಗ ಹಳೆಯದನ್ನು ಹೊಸದರಂತೆ ಮಾಡಿ ಕೊಟ್ಟರೆ ಭೇಷ್ ಎನ್ನುತ್ತಿದ್ದರು. ನಂತರದವರು ಹಾಕಿದ ತೇಪೆ, ಒರಟು ಹೊಲಿಗೆ, ಒಳಗಿಟ್ಟ ಕಾಗದ ಎಲ್ಲವನ್ನೂ ಕಿತ್ತು ಮೂಲಕ್ಕೆ ಹೋಗುವುದೇ ಜಾಣತನವಾಗಿತ್ತು. ಆ ಜಾಣತನ ನನ್ನಲ್ಲಿ ಬೇಕಾದಷ್ಟಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಳೆಗಾಲ ಮುಗಿದ ಮೇಲೆ ಇಂಗ್ರಿಡ್ ಎಂಬ ಸ್ವೀಡನ್ ದೇಶದ ಹೆಂಗಸು ಮಹಡಿ ಹತ್ತಿ ಬಂದಳು. ಅವಳ ಗಂಡ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಎರಡು ವರ್ಷದಿಂದ ಇಲ್ಲಿದ್ದರು. ಹಿಂದೆ ಡ್ರೈವರ್ ಒಂದು ಉದ್ದನೆಯ ಪೆಟ್ಟಿಗೆ ಹೊತ್ತು ತಂದ. ಊರಿನಲ್ಲಿ ಅಮ್ಮ ಹಳೆಯ ಮನೆ ಖಾಲಿ ಮಾಡುವಾಗ ಇದು ಅವಳ ಪಾಲಿಗೆ ಬಂದಿತ್ತಂತೆ. ಬಿಟ್ಟು ಬಂದರೆ ಯಾವ ಸೋದರಸಂಬಂಧಿ ನಾಟಕಕ್ಕೆಂದು ಕತ್ತರಿಸುತ್ತಾನೋ ಎಂಬ ಭಯಕ್ಕೆ ಜೊತೆಗೇ ತಂದಿದ್ದಳು. ಸಮುದ್ರದ ಪಕ್ಕದ ಮನೆ, ನಮ್ಮ ಊರಿನ ಮಳೆ. ಪೆಟ್ಟಿಗೆ ತೆಗೆದರೆ ಬೂಷ್ಟಿನ ವಾಸನೆ ಮೂಗಿಗೆ ಹೊಡೆಯಿತು.

ಒಳಗಿದ್ದದ್ದನ್ನು ಮೇಜಿನ ಮೇಲೆ ಹರಡಿದೆ. ಕಪ್ಪು ರೇಷ್ಮೆಯ ಮೇಲಂಗಿ, ನೆಲಕ್ಕೆ ಎಳೆದಾಡುವ ಲಂಗ. ಬಿಳಿಯ ಉಬ್ಬು ತೋಳುಗಳ ಮೇಲೆ ಕಪ್ಪು ಪಟ್ಟಿಗಳನ್ನು ಜಾಲರಿಯ ಹಾಗೆ ಹೆಣೆದಿದ್ದರು. ಆ ದೇಶದ ಅರಮನೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಾಣಿಯ ಸೇವೆಗಿದ್ದ ಹೆಂಗಸರು ತೊಡುತ್ತಿದ್ದ ಉಡುಪು ಅದು. ತೊಟ್ಟವಳ ಹೆಸರು ಮಾರ್ತಾ. ಸಣ್ಣದೊಂದು ಜಹಗೀರಿನ ಮನೆತನದ ಹುಡುಗಿ, ಹತ್ತೊಂಬತ್ತನೆಯ ವಯಸ್ಸಿಗೆ ಅರಮನೆಗೆ ಹೋದವಳು, ಇಂಗ್ರಿಡಳ ಅಜ್ಜನ ಮುತ್ತಜ್ಜಿಯ ಅಕ್ಕ. ಹೆಚ್ಚು ಏನೂ ಗೊತ್ತಿಲ್ಲ, ಅವಳ ಕಾಗದಗಳು ಅಮ್ಮನ ಬಳಿ ಇವೆ ಎಂದಳು. ನಾನು ಭೂತಗನ್ನಡಿ ಹಿಡಿದು ಹೊಲಿಗೆ ನೋಡಿದೆ. ಒಂದು ಅಂಗುಲಕ್ಕೆ ಎಷ್ಟು ಹೊಲಿಗೆ ಎಂದು ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿತು. ದೀಪದ ಬೆಳಕಿನಲ್ಲಿ, ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಯಾರೋ ಕೂತು ಅದನ್ನು ಹೊಲಿದಿದ್ದರು. ಕೈ ಮುಗಿಯಬೇಕು ಅನ್ನಿಸಿತು.

ಆದರೆ ಮೇಲಂಗಿಯ ಒಳಗೆ ಎಡಗಡೆಯಲ್ಲಿ ಒಂದು ಅವಲಕ್ಷಣವಿತ್ತು. ಭುಜದ ಕೆಳಗಿನಿಂದ ಸೊಂಟದವರೆಗೆ ಒಂದು ದಿಂಡು. ಒಂದು ಮೊಳ ಉದ್ದ, ನಡುವೆ ದಪ್ಪ, ತುದಿಗಳಲ್ಲಿ ಸಣ್ಣ. ಒಳಗೆ ಉಣ್ಣೆ ತುರುಕಿದ್ದರು. ದಪ್ಪ ನಾರಿನ ದಾರದಲ್ಲಿ, ದೊಡ್ಡ ದೊಡ್ಡ ಹೊಲಿಗೆಗಳಲ್ಲಿ ಅದನ್ನು ಅಸ್ತರಿಗೆ ಬಿಗಿದಿದ್ದರು. ಬೂಷ್ಟು ಎಲ್ಲಕ್ಕಿಂತ ಹೆಚ್ಚು ಅಲ್ಲೇ ಹಿಡಿದಿತ್ತು. ಬಲಗಡೆ ಏನೂ ಇಲ್ಲ. ತನ್ನ ಅಜ್ಜಿ ಇದನ್ನು ಒಮ್ಮೆ ವೇಷದ ಔತಣಕ್ಕೆ ತೊಟ್ಟಿದ್ದಳು ಎಂದು ಇಂಗ್ರಿಡ್ ಹೇಳಿದ್ದು ನನಗೆ ಸಾಕಾಯಿತು. ಅಜ್ಜಿಗೆ ಅಳತೆ ಸಡಿಲವಾಗಿ ಯಾರೋ ಆತುರದಲ್ಲಿ ದಿಂಬು ಹೊಲಿದಿದ್ದಾರೆ, ಇದು ಕಸ ಎಂದು ತೀರ್ಮಾನಿಸಿದೆ.

ಚೀಫ್ ಆ ತಿಂಗಳು ಮಗಳ ಮದುವೆಗೆ ರಜೆ ಹಾಕಿದ್ದರು. ಕ್ಯಾಮೆರಾದ ರೀಲಿನಲ್ಲಿ ನಾಲ್ಕೇ ಚಿತ್ರ ಉಳಿದಿದ್ದವು, ಅವನ್ನು ತೋಳುಗಳಿಗೆ ಖರ್ಚು ಮಾಡಿದೆ. ಪೆನ್ಸಿಲಿನಲ್ಲಿ ಬರೆಯಬಹುದಿತ್ತು. ಕಸಕ್ಕೆ ಯಾರು ಚಿತ್ರ ಬರೆಯುತ್ತಾರೆ? ಸಣ್ಣ ಕತ್ತರಿಯಿಂದ ಹೊಲಿಗೆ ಕತ್ತರಿಸಿ ದಿಂಡನ್ನು ಬಿಡಿಸಿದೆ. ಬೂಷ್ಟು ಬೇರೆ ಬಟ್ಟೆಗಳಿಗೆ ಹರಡೀತು ಎಂದು ಬ್ರಷ್ ಆಡಿಸಿ, ಲಕೋಟೆಗೆ ಹಿಡಿಸದಷ್ಟು ದೊಡ್ಡದು ಎಂಬ ಇನ್ನೊಂದು ನೆಪ ಮಾಡಿಕೊಂಡು, ಬಾಗಿಲ ಬಳಿಯ ಕಸದ ಬುಟ್ಟಿಗೆ ಹಾಕಿದೆ. ಆ ಸಂಜೆ ಮೇಲಂಗಿ ಎರಡೂ ಕಡೆ ಸಮನಾಗಿ ಮಲಗಿದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಮುಂದಿನ ಎರಡು ತಿಂಗಳು ಬೂಷ್ಟು ತೆಗೆಯುವುದರಲ್ಲಿ ಕಳೆಯಿತು. ಕಪ್ಪು ರೇಷ್ಮೆ ಬಹಳ ಕಷ್ಟದ ಪ್ರಾಣಿ. ಅದಕ್ಕೆ ಕಪ್ಪು ಕೊಟ್ಟ ಬಣ್ಣವೇ ಅದನ್ನು ಒಳಗಿನಿಂದ ತಿನ್ನುತ್ತದೆ, ಜೋರಾಗಿ ಉಸಿರಾಡಿದರೆ ಪುಡಿ ಉದುರುತ್ತದೆ. ಇಂಗ್ರಿಡ್ ಪ್ರತಿ ಗುರುವಾರ ಬರುತ್ತಿದ್ದಳು. ಅವಳ ಅಮ್ಮ ಮಾರ್ತಾಳ ಕಾಗದಗಳನ್ನು ಜೆರಾಕ್ಸ್ ಮಾಡಿಸಿ ಅಂಚೆಯಲ್ಲಿ ಕಳಿಸತೊಡಗಿದ್ದರು. ಎಲ್ಲವೂ ಮಾರ್ತಾ ಹಳ್ಳಿಯಲ್ಲಿದ್ದ ತಂಗಿಗೆ ಬರೆದವು. ಇಂಗ್ರಿಡ್ ನಮ್ಮ ಸಕ್ಕರೆ ಪಾಕದಂಥ ಟೀ ಕುಡಿಯುತ್ತ, ಹಳೆಯ ಕೈಬರಹವನ್ನು ಕಣ್ಣು ಕಿರಿದು ಮಾಡಿ ಓದಿ, ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿದ್ದಳು. ನನ್ನ ಕೈ ಕೆಲಸ ಮಾಡುತ್ತಿತ್ತು, ಕಿವಿ ಅರಮನೆಯಲ್ಲಿತ್ತು.

ಅರಮನೆ ಎಂದರೆ ಹಂಸತೂಲಿಕಾತಲ್ಪ ಎಂದು ನಾನು ತಿಳಿದಿದ್ದೆ. ಮಾರ್ತಾಳ ಕೋಣೆಯಲ್ಲಿ ಚಳಿಗಾಲಕ್ಕೆ ಶಾಯಿ ಹೆಪ್ಪುಗಟ್ಟುತ್ತಿತ್ತು, ದೌತಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕರಗಿಸಿ ಬರೆಯುತ್ತಿದ್ದಳು. ಅಡುಗೆಮನೆ ಎಷ್ಟು ದೂರವೆಂದರೆ ಅವಳ ಪಾಲಿನ ಊಟ ಬಿಸಿಯಾಗಿ ಬಂದದ್ದೇ ಇಲ್ಲ. ಬೇಸಿಗೆ ಬಂದರೆ ಇಡೀ ಆಸ್ಥಾನ ಹಾಸಿಗೆ ಪಾತ್ರೆಗಳ ಸಮೇತ ಬೇರೆ ಅರಮನೆಗೆ ಹೋಗುತ್ತಿತ್ತು, ಪೆಟ್ಟಿಗೆ ಕಟ್ಟುವುದರಲ್ಲೇ ವಾರ ಹೋಗುತ್ತಿತ್ತು. ಅವಳು ರಾಣಿಯ ಬೀಸಣಿಗೆ ಹಿಡಿಯಬೇಕು, ಕೈಗವಸು ಹಿಡಿಯಬೇಕು, ಕೇಳಿದಾಗ ಓದಿ ಹೇಳಬೇಕು, ಕೇಳದಿದ್ದಾಗ ಗೋಡೆಯಾಗಿರಬೇಕು. ಹೊರಡುವಾಗ ರಾಣಿಗೆ ಬೆನ್ನು ತೋರಿಸುವ ಹಾಗಿಲ್ಲ. ಅಷ್ಟುದ್ದ ಲಂಗವನ್ನು ಹಿಮ್ಮಡಿಯಿಂದ ಸರಿಸುತ್ತ, ನೋಡದೆ ಬಾಗಿಲವರೆಗೆ ಹಿಂದಕ್ಕೆ ನಡೆಯಬೇಕು. ಮದುವೆಯಾಗಬೇಕಾದರೂ ಅಪ್ಪಣೆ ಬೇಕು. ಎಲ್ಲಕ್ಕಿಂತ ಮೇಲೆ, ರಾಣಿಯ ಎದುರು ಅವಳು ಕೂರುವಂತಿಲ್ಲ. ಅವಳಿಗಿಂತ ದೊಡ್ಡ ಮನೆತನದ ಕೆಲವರಿಗೆ ಬೆನ್ನಿಲ್ಲದ ಪೀಠ ಸಿಗುತ್ತಿತ್ತು. ಇವಳಿಗೆ ಅದೂ ಇಲ್ಲ. ದರ್ಬಾರಿನ ದಿನಗಳಲ್ಲಿ ಐದು ಗಂಟೆ, ಆರು ಗಂಟೆ ನಿಂತೇ ಇರುತ್ತಿದ್ದಳು. ಹೀಗೆ ಇಪ್ಪತ್ತೆರಡು ವರ್ಷ.

"ಒಂದು ದಿನವೂ ದೂರು ಹೇಳಿಲ್ಲವಲ್ಲ ಈಕೆ" ಎಂದೆ.

"ತಂಗಿಯನ್ನು ನಗಿಸಲು ಬರೆಯುತ್ತಾಳೆ" ಎಂದಳು ಇಂಗ್ರಿಡ್. "ದೂರು ಆ ನಗುವಿನ ಕೆಳಗೆಲ್ಲೋ ಇದೆ."

ಒಂದು ಗುರುವಾರ ಅವಳು ಬಂದಾಗ ಮುಖ ಊದಿತ್ತು. ರಾತ್ರಿ ಓದಿಕೊಂಡ ಕಾಗದವೊಂದನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದಳು. ಮಾರ್ತಾಳ ಬೆನ್ನುಮೂಳೆ ಬಾಲ್ಯದಿಂದಲೇ ಒಂದು ಕಡೆಗೆ ಬಾಗಿತ್ತು. ಆಸ್ಥಾನದ ಹೆಂಗಸರ ಮೇಲ್ವಿಚಾರಣೆಗಿದ್ದ ಹಿರಿಯಳು ಕಣ್ಣಿನಲ್ಲೇ ಅಳೆಯುವವಳು. ಸೊಟ್ಟ ಮೈಯವಳನ್ನು ರಾಣಿಯ ಹತ್ತಿರ ನಿಲ್ಲಿಸುವುದಿಲ್ಲ ಎಂದು ಬೇರೊಬ್ಬ ಹುಡುಗಿಯನ್ನು ಅದೇ ವರ್ಷ ಮನೆಗೆ ಕಳಿಸಿದ್ದಳು. ಮಾರ್ತಾಳ ಜೊತೆಗೆ ಊರಿನಿಂದ ಬಂದಿದ್ದ ಮುದಿ ದಾದಿ ಪ್ರತಿ ಉಡುಪಿನ ಒಳಗೂ ಎಡಗಡೆ ಒಂದು ದಿಂಡು ಹೊಲಿದು ತಗ್ಗು ತುಂಬಿಸಿದಳು. ದಾದಿಯ ಕಣ್ಣು ಮಂಜಾಗಿತ್ತು, ಅದಕ್ಕೇ ಹೊಲಿಗೆ ದೊಡ್ಡದು. ಉಣ್ಣೆ ತಂಗಿ ಕಳಿಸಿದ್ದು. ಇಂಗ್ರಿಡ್ ಕೊನೆಯ ಸಾಲನ್ನು ಎರಡು ಸಲ ಓದಿದಳು. ತಂಗಿಗೆ ಮಾರ್ತಾ ಬರೆದಿದ್ದಳು, ಇವರೆಲ್ಲ ನಾನು ರಾಣಿಯ ಪಕ್ಕ ನಿಂತಿದ್ದೇನೆ ಅಂದುಕೊಂಡಿದ್ದಾರೆ, ನಾನು ನಮ್ಮ ಮನೆಯ ಕುರಿಗಳಿಗೆ ಒರಗಿಕೊಂಡು ನಿಂತಿರುತ್ತೇನೆ.

ನಾನು ಬ್ರಷ್ ಕೆಳಗಿಟ್ಟೆ.

"ನನ್ನ ಮಗಳು ಲೀನಾಳಿಗೂ ಇದೇ ಇದೆ" ಎಂದಳು ಇಂಗ್ರಿಡ್. "ಹದಿಮೂರು ವರ್ಷ. ಆಗಸ್ಟಿನಿಂದ ಬೆನ್ನಿಗೆ ಕವಚ ಹಾಕಿದ್ದಾರೆ, ಗಟ್ಟಿ ಪ್ಲಾಸ್ಟಿಕ್ಕಿನದು. ಎಲ್ಲರೂ ನೋಡುತ್ತಾರೆ ಅಂತ ಶಾಲೆಗೆ ಹೋಗುವುದಿಲ್ಲ, ಕವಚ ಬಿಚ್ಚಿ ಮಂಚದ ಕೆಳಗೆ ಎಸೆಯುತ್ತಾಳೆ. ಬಿಚ್ಚಿದಷ್ಟು ದಿನವೂ ಬಾಗು ಹೆಚ್ಚುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಈ ಕಾಗದ ಓದಿ ಹೇಳಿದೆ. ನಂಬಲಿಲ್ಲ, ನೀನೇ ಕಥೆ ಕಟ್ಟಿದ್ದು ಅಂದಳು. ಆ ದಿಂಡನ್ನು ಅವಳ ಕಣ್ಣಿಗೆ ತೋರಿಸಬೇಕು. ಮೊದಲ ದಿನ ನಾನೂ ನೋಡಿದ್ದೆನಲ್ಲ, ಒಳಗೆ ಎಡಗಡೆ. ಎಲ್ಲಿದೆ?"

ನಾನು ಸುಳ್ಳು ಹೇಳಿದೆ. "ಒಣಗಲು ಇಟ್ಟಿದ್ದೇವೆ" ಎಂದೆ. ಮುಂದಿನ ಗುರುವಾರ ಮಗಳನ್ನು ಕರೆತರುವುದಾಗಿ ಹೇಳಿ ಅವಳು ನನ್ನ ಕೈ ಅದುಮಿ ಹೋದಳು.

ಅವಳು ಮೆಟ್ಟಿಲಿಳಿದ ತಕ್ಷಣ ಮೇಲಂಗಿಯನ್ನು ತೆರೆದು ಅಸ್ತರು ನೋಡಿದೆ. ಎರಡು ತಿಂಗಳಿಂದ ಕಣ್ಣೆದುರೇ ಇತ್ತು. ಬಿಳಿಯ ಅಸ್ತರಿಗೆ ಎಲ್ಲೆಡೆ ಬೆವರಿನ ಹಳದಿ ಹಿಡಿದಿತ್ತು. ಎಡಗಡೆ ದಿಂಡಿದ್ದ ಜಾಗ ಮಾತ್ರ, ಅದೇ ಆಕಾರದಲ್ಲಿ, ಹೊಸ ಪಂಚೆಯಷ್ಟು ಬಿಳಿ. ಅಂದರೆ ಮೊದಲ ಬೆವರಿನ ಹನಿ ಬೀಳುವ ಮುಂಚಿನಿಂದ ದಿಂಡು ಅಲ್ಲಿತ್ತು. ಯಾವ ಅಜ್ಜಿಯ ವೇಷಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಇಪ್ಪತ್ತೆರಡು ವರ್ಷ ಇಡೀ ಆಸ್ಥಾನದ ಕಣ್ಣಿಗೆ ಬೀಳದ ಗುಟ್ಟನ್ನು ಮಾರ್ತಾ ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದಳು, ನಾನು ಕಸ ಎಂದಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಕಸ ತೆಗೆಯುತ್ತಿದ್ದವಳು ಅಂಜಲೈ. ರಾಯಪುರಂನ ಮೀನುಗಾರರ ಮನೆಯವಳು, ನನಗಿಂತ ಹಿರಿಯಳು. ಬೆಳಗ್ಗೆ ಬುಟ್ಟಿ ಹೊತ್ತು ಮೀನು ಮಾರಿ, ಮಧ್ಯಾಹ್ನ ನಮ್ಮಲ್ಲಿ ಗುಡಿಸಿ ಒರೆಸುತ್ತಿದ್ದಳು. ಆ ವಾರ ನಾದಿನಿಯ ಬಾಣಂತನ ಎಂದು ಬಂದಿರಲಿಲ್ಲ. ಶುಕ್ರವಾರ ಬೆಳಗ್ಗೆ ನಾನೇ ಬಸ್ಸು ಹತ್ತಿ ಹೋದೆ. ಮಾಧ್ವರ ಮನೆಯ ಸೊಸೆ, ಬೆಳಗಿನ ಏಳು ಗಂಟೆಗೆ ಮೀನು ಮಾರುವ ದಡದಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಾಲ ಕೆಳಗಿನ ನೀರಿಗೆ ಹೆದರಿ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದರೆ ಅಲ್ಲಿನ ಹೆಂಗಸರಿಗೆ ಒಳ್ಳೆಯ ತಮಾಷೆಯಾಯಿತು. ಒಬ್ಬಳು, "ವಂಜರಂ ಬೇಕಾ ಮಾಮಿ?" ಎಂದು ಬೆಳ್ಳಿಯಂಥ ಮೀನನ್ನು ನನ್ನ ಮುಖಕ್ಕೇ ಹಿಡಿದಳು.

ಅಂಜಲೈ ಸಿಕ್ಕಿದಳು. ತಲೆಯ ಮೇಲೆ ತುಂಬಿದ ಬುಟ್ಟಿ, ಒಂದು ಕೈ ಮಾತ್ರ ಅದಕ್ಕೆ ಸುಮ್ಮನೆ ತಾಗಿಸಿದ್ದಳು. ನಾನು ಕಸದ ಬುಟ್ಟಿ, ದಿಂಡು, ಉಣ್ಣೆ ಎಂದು ನನ್ನ ಮುರುಕು ತಮಿಳಿನಲ್ಲಿ ಹೇಳುತ್ತಿದ್ದರೆ ಅವಳು ಕೇಳಿಸಿಕೊಂಡು, ಬುಟ್ಟಿ ಇಳಿಸಲು ಪಕ್ಕದವಳನ್ನು ಕರೆದಳು. ಬುಟ್ಟಿ ಕೆಳಗಿಳಿಯಿತು. ತಲೆಯ ಮೇಲೆ ಉಳಿದದ್ದು ಸಿಂಬೆ. ಅವರು ಸುಮ್ಮಾಡು ಎನ್ನುತ್ತಾರೆ. ಅವಳು ಅದನ್ನು ತೆಗೆದು ನನ್ನ ಅಂಗೈ ಮೇಲಿಟ್ಟಳು. ಹಳೆಯ ಸೀರೆಯ ಹಸಿರು ಬಟ್ಟೆಯ ಗವಸು ಹೊಲಿದಿತ್ತು. ಒಳಗೆ, ಉಂಗುರದ ಹಾಗೆ ಸುತ್ತಿದ್ದದ್ದು ಮಾರ್ತಾಳ ದಿಂಡು.

"ನೀಂಗ ತಾನೇಮ್ಮಾ ಕುಪ್ಪೆಯಿಲೆ ಪೋಟ್ಟೀಂಗ" ಎಂದಳು. ಕಸಕ್ಕೆ ಹಾಕಿದವರು ನೀವೇ ತಾನೆ ಎಂದು.

ಆಮೇಲೆ ಅವಳು ಹೇಳಿದ್ದಿಷ್ಟು. ಬೂಷ್ಟು ಹಿಡಿದಿತ್ತು, ಒಂದು ವಾರ ನೆರಳಲ್ಲಿ ಆರಿಸಿದೆ. ಒಳ್ಳೆಯ ಉಣ್ಣೆ, ಯಾರೋ ಮನಸ್ಸಿಟ್ಟು ತುಂಬಿದ್ದಾರೆ, ಎಷ್ಟು ಭಾರಕ್ಕೂ ಚಪ್ಪಟೆಯಾಗುವುದಿಲ್ಲ. ಮೀನಿನ ನೀರು ತಾಗಬಾರದು ಅಂತ ಮೇಲೆ ಬಟ್ಟೆ ಹೊಲಿದೆ. ಹುಟ್ಟಿದಾಗಿನಿಂದ ಇಷ್ಟು ಸುಖದ ಸುಮ್ಮಾಡು ಕಂಡಿಲ್ಲ, ಕುತ್ತಿಗೆ ನೋವೇ ಇಲ್ಲ. ಇಷ್ಟು ಹೇಳಿ, "ವೇಣುಮಾ?" ಎಂದು ಕೇಳಿದಳು, ಬೇಕಾ ಎಂದು. ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ತನ್ನ ಸೆರಗನ್ನೇ ಸುತ್ತಿ ಸಿಂಬೆ ಮಾಡಿಕೊಂಡು ಬುಟ್ಟಿ ಎತ್ತಿಸಿಕೊಂಡಳು. ಸಂರಕ್ಷಣೆ ಎಂದು ಸಂಬಳ ಪಡೆಯುತ್ತಿದ್ದವಳು ನಾನು, ಸಂರಕ್ಷಿಸಿದವಳು ಅವಳು. ನನ್ನ ಮೂಗಿನ ಮೇಲಿನ ಸೆರಗು ಯಾವಾಗ ಜಾರಿತೋ ಗೊತ್ತಾಗಲಿಲ್ಲ.

ಅಲ್ಲಿಂದ ನೇರವಾಗಿ ಚೀಫ್ ಕೋಣೆಗೆ ಹೋದೆ. ಅವರು ರಜೆ ಮುಗಿಸಿ ಬಂದು ತಿಂಗಳಾಗಿತ್ತು. ಅಷ್ಟು ದಿನವೂ ನಾನು ಬಾಯಿ ಬಿಟ್ಟಿರಲಿಲ್ಲ. ಎಲ್ಲ ಹೇಳಿ ದಿಂಡನ್ನು ಮೇಜಿನ ಮೇಲಿಟ್ಟೆ. ಕೋಣೆಯ ತುಂಬ ಮೀನಿನ ವಾಸನೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಮುಟ್ಟದೆ ಸುತ್ತ ತಿರುಗಿ ನೋಡಿದರು.

"ಚಿತ್ರ ಬರ್ದಿದ್ಯಾ?"

"ಇಲ್ಲ ಸರ್."

"ಫೋಟೋ?"

"ಇಲ್ಲ."

"ಸರಿ, ಈಗ ಬರಿ. ಕಂಪ್ಲೀಟಾ ಬರಿ. ನೀ ಕತ್ತರಿಸಿದ್ದು, ಬಿಸಾಡಿದ್ದು, ಅಂಜಲೈ ಹೊಲ್ದಿದ್ದು, ಬುಟ್ಟೀಲಿ ಯಾವ ಮೀನಿತ್ತೋ ಅದೂ. ಈ ಬಟ್ಟೇಗೆ ಏನೇನ್ ಆಯ್ತೋ ಅದೆಲ್ಲಾ ಅದ್ರದ್ದೇ ಕಥೆ ತಾನೆ."

"ಇಂಗ್ರಿಡ್‌ಗೆ ನೀವು ಹೇಳ್ತೀರಾ ಸರ್?"

ಅವರು ಕನ್ನಡಕ ತೆಗೆದರು. "ಸುಳ್ಳು ನಾನಾ ಹೇಳ್ದೆ? ನೀನೇ ಸೊಲ್ಲಮ್ಮಾ."

ಆ ಆರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಸಿರು ಗವಸನ್ನು ಬಿಚ್ಚುವ ಮುಂಚೆ ಅಂಜಲೈಯ ಒಂದೊಂದು ಹೊಲಿಗೆಯನ್ನೂ ಚಿತ್ರ ಬರೆದೆ. ದಿಂಡಿನ ಉಪ್ಪನ್ನು ಶುದ್ಧನೀರಿನಲ್ಲಿ ಒದ್ದೆ ಮಾಡಿದ ಹೀರುಕಾಗದ ಒತ್ತಿ ತೆಗೆದೆ. ಅಸ್ತರಿನಲ್ಲಿ ದಾದಿಯ ಸೂಜಿಯ ತೂತುಗಳು ಹಾಗೇ ಇದ್ದವು. ಎಣಿಸಿದೆ, ನಲವತ್ತಾರು ಹೊಲಿಗೆ. ಸುತ್ತಿ ಇಟ್ಟಿದ್ದರಿಂದ ದಿಂಡಿಗೆ ಬಂದಿದ್ದ ಬಾಗು ನಿಧಾನವಾಗಿ ಬಿಟ್ಟಿತು. ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಅವರು ಬಂದರು. ಲೀನಾ ತೆಳ್ಳಗೆ ಉದ್ದಕ್ಕೆ ಬೆಳೆದ ಹುಡುಗಿ. ಸೆಕೆಯಲ್ಲೂ ಅಪ್ಪನ ದೊಡ್ಡ ಷರ್ಟು ತೊಟ್ಟು, ಕವಚ ಕಾಣದ ಹಾಗೆ ಕೈಕಟ್ಟಿಕೊಂಡಿದ್ದಳು. ಕಣ್ಣು ಕಿಟಕಿಯ ಮೇಲೆ. ನಾನು ಕುರ್ಚಿ ಕೊಟ್ಟೆ. ಅವಳು ತುದಿಯಲ್ಲಿ ಕೂತಳು. ನಾನು ದಿಂಡನ್ನು ಮೇಲಂಗಿಯ ಪಕ್ಕದಲ್ಲಿಟ್ಟು, ಇಂಗ್ರಿಡಳ ಮುಖ ನೋಡಿಕೊಂಡೇ ಹೇಳಿದೆ. ಒಣಗಲು ಇಟ್ಟಿದ್ದೇವೆ ಅಂದದ್ದು ಸುಳ್ಳು. ಇದನ್ನು ನಾನು ಕಸಕ್ಕೆ ಹಾಕಿದ್ದೆ. ಎರಡು ತಿಂಗಳು ಇದು ಮೀನಿನ ಬುಟ್ಟಿಯ ಕೆಳಗಿತ್ತು. ಉಳಿಸಿದವಳು ಅಗೋ, ಅಲ್ಲಿ ಗುಡಿಸುತ್ತಿರುವ ಅಂಜಲೈ.

ಇಂಗ್ರಿಡಳ ಕುತ್ತಿಗೆಯಿಂದ ಕೆಂಪು ಏರಿತು. "ನಾನು ನಿಮ್ಮನ್ನು ನಂಬಿದ್ದೆ" ಎಂದಳು. ಇಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಫ್ ಬಾಗಿಲಲ್ಲಿ ನಿಂತಿದ್ದರು.

ಲೀನಾ ಅಮ್ಮನ ತೋಳು ಎಳೆದು ಏನೋ ಕೇಳಿದಳು. ಇಂಗ್ರಿಡ್ ಅವರ ಭಾಷೆಯಲ್ಲಿ ಹೇಳಿದಳು. ಹುಡುಗಿ ಅಂಜಲೈಯನ್ನು ನೋಡಿದಳು, ದಿಂಡನ್ನು ನೋಡಿದಳು, ಮೂಸಿದಳು, ಇದ್ದಕ್ಕಿದ್ದಂತೆ ಜೋರಾಗಿ ನಕ್ಕಳು. ಅಂಜಲೈಗೂ ನಗು ಬಂತು. ತಲೆಯ ಮೇಲೆ ಇಲ್ಲದ ಬುಟ್ಟಿ ಇಟ್ಟುಕೊಂಡು ಎರಡು ಹೆಜ್ಜೆ ನಡೆದು ತೋರಿಸಿದಳು.

ಲೀನಾ ಎದ್ದು ಮೇಜಿನ ಬಳಿ ಬಂದಳು. ಕೈಗವಸು ಹಾಕದೆ ಯಾರೂ ಏನನ್ನೂ ಮುಟ್ಟಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವಳು ಬರಿಗೈಯಲ್ಲೇ ದಿಂಡು ತೆಗೆದುಕೊಂಡಳು, ನಾನು ತಡೆಯಲಿಲ್ಲ. ಷರ್ಟಿನ ಮೇಲಿನಿಂದ ತನ್ನ ಎಡಮಗ್ಗುಲಿಗೆ ಅದನ್ನು ಒತ್ತಿ ಹಿಡಿದಳು. ನಡುವಿನ ದಪ್ಪವನ್ನು ಬೆರಳಲ್ಲಿ ಅಳೆದಳು. ಮತ್ತೊಮ್ಮೆ ಅಳೆದಳು. ಆಮೇಲೆ ಮೆಲ್ಲಗೆ ಏನೋ ಅಂದಳು. ಇಂಗ್ರಿಡ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಂತೆ?" ಎಂದೆ.

"ಮಾರ್ತಾಳ ಬೆನ್ನು ನನ್ನದಕ್ಕಿಂತ ಹೆಚ್ಚು ಬಾಗಿತ್ತು ಅಂತಾಳೆ. ಎಷ್ಟು ಹೊತ್ತು ನಿಲ್ಲುತ್ತಿದ್ದಳು ಅಂತ ಕೇಳುತ್ತಾಳೆ."

"ಐದು ಗಂಟೆ. ಕೆಲವು ದಿನ ಆರು" ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. "ಇಪ್ಪತ್ತೆರಡು ವರ್ಷ."

ಹುಡುಗಿ ದಿಂಡನ್ನು ನನಗೆ ಮರಳಿಸಿ, ಅದರ ಜಾಗದಲ್ಲಿ ಹೊಲಿಯಿರಿ ಎಂದು ಸನ್ನೆ ಮಾಡಿದಳು. ನಾನು ಇಂಗ್ರಿಡಳನ್ನು ನೋಡಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಮೂರು ಗಂಟೆಗೆ ಮೊದಲ ತೂತಿನಲ್ಲಿ ಸೂಜಿ ಇಳಿಸಿದೆ. ಹಳೆಯ ತೂತುಗಳಲ್ಲೇ ಹೋಗಬೇಕು, ಹೊಸದೊಂದು ಬೀಳಬಾರದು. ಒಂದೊಂದು ಹೊಲಿಗೆಗೂ ಐದು ನಿಮಿಷ ಹಿಡಿಯುತ್ತಿತ್ತು. ಮಂಜುಗಣ್ಣಿನ ಆ ದಾದಿ ಎಲ್ಲಿ ಸೂಜಿ ಚುಚ್ಚಿದ್ದಳೋ ಅಲ್ಲೇ ನನ್ನ ಸೂಜಿಯೂ ಹೋಗುತ್ತಿತ್ತು. ಅವಳ ಕೈ ಎಲ್ಲಿ ನಡುಗಿತ್ತು, ಎಲ್ಲಿ ಗಟ್ಟಿಯಾಗಿ ಎಳೆದಿದ್ದಳು ಎಂಬುದೂ ಬೆರಳಿಗೆ ತಿಳಿಯುತ್ತಿತ್ತು.

ಲೀನಾ ಮೇಜಿನ ಪಕ್ಕ ನಿಂತಿದ್ದಳು. ಕೈಕಟ್ಟು ಬಿಚ್ಚಿತ್ತು. ನಾಲ್ಕು ಗಂಟೆಗೆ ಅಂಜಲೈ ಕುರ್ಚಿಯನ್ನು ಅವಳ ಹಿಂದೆ ತಂದಿಟ್ಟಳು. ಹುಡುಗಿ ಬೇಡ ಎಂದು ತಲೆಯಾಡಿಸಿದಳು. ಐದಕ್ಕೆ ಅಮ್ಮ ಹೇಳಿದಳು, ಕೇಳಲಿಲ್ಲ. ಷರ್ಟು ಬೆವರಿಗೆ ಅಂಟಿ ಕವಚದ ಅಂಚುಗಳೆಲ್ಲ ಎದ್ದು ಕಾಣುತ್ತಿದ್ದವು. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ, ಕಣ್ಣು ಸೂಜಿಯಿಂದ ಕೀಳಲಿಲ್ಲ. ಇಂಗ್ರಿಡ್ ಕೂತಿದ್ದವಳು ಎದ್ದು ಮಗಳ ಪಕ್ಕ ನಿಂತಳು. ಮಂಡಿ ನೋವಿನ ಚೀಫ್ ಬಾಗಿಲಿಗೆ ಕೈಕೊಟ್ಟು ನಿಂತೇ ಇದ್ದರು. ಅಂಜಲೈ ಪೊರಕೆ ಹಿಡಿದು ನಿಂತಿದ್ದಳು.

ಇಪ್ಪತ್ತೊಂಬತ್ತನೆಯ ಹೊಲಿಗೆಯ ದಾರ ಕತ್ತರಿಸಿ ತಲೆ ಎತ್ತಿದಾಗ ನೋಡಿದೆ. ಆ ಕೋಣೆಯಲ್ಲಿ ಕೂತಿದ್ದವಳು ನಾನೊಬ್ಬಳೇ. ಸ್ಟೂಲನ್ನು ಹಿಂದಕ್ಕೆ ತಳ್ಳಿ ಎದ್ದೆ. ಉಳಿದ ಹದಿನೇಳು ಹೊಲಿಗೆಗಳನ್ನು ನಿಂತೇ ಹಾಕಿದೆ.